ಒಂದೇ ಗೂಡಿನ ಕಾದಾಟ

ಕಳೆದ ಆಷಾಢದಲ್ಲಿ ಒಂದು ಬೆಳಿಗ್ಗೆ ತಂಗಿಯ ಮನೆಯಿಂದ ಫೋನು ಬಂತು. ಮಗಳ ಹುಟ್ಟುಹಬ್ಬಕ್ಕೆಂದು ತಂದಿದ್ದ ಎರಡು ಹ್ಯಾಮ್‌ಸ್ಟರ್‌ಗಳಲ್ಲಿ ಒಂದು ಗಾಜಿನ ಪೆಟ್ಟಿಗೆಯ ಮೂಲೆಯಲ್ಲಿ ಸತ್ತು ಬಿದ್ದಿತ್ತು. ನಾನು ಹೋಗಿ ನೋಡಿದೆ. ಒಂದು ಕಿವಿ ಅರ್ಧ ಹರಿದಿತ್ತು. ಹಿಂಬದಿಯ ಕೂದಲು ಕಿತ್ತುಹೋಗಿ ಚರ್ಮ ಕಾಣುತ್ತಿತ್ತು. ಹೊಟ್ಟೆಯ ಕೆಳಗೆ ಸಣ್ಣದಾದರೂ ಆಳವಾದ ಗಾಯ. ಇನ್ನೊಂದು ಹ್ಯಾಮ್‌ಸ್ಟರ್ ಏನೂ ಆಗಿಲ್ಲವೆಂಬಂತೆ ಚಕ್ರದಲ್ಲಿ ಓಡುತ್ತಿತ್ತು. ಎಂಟು ವರ್ಷದ ಮಗು ಅದನ್ನು ಮುಟ್ಟಲು ಒಪ್ಪಲಿಲ್ಲ. ‘ಅದು ಕೊಲೆಗಾರ ಮಾಮ, ಅದು ನಮಗೆ ಬೇಡ’ ಎಂದು ಅತ್ತಿತು.

ಅಂಗಡಿಯವರು ಅವನ್ನು ಜೋಡಿಯಾಗಿಯೇ ಕೊಟ್ಟಿದ್ದರಂತೆ. ಒಂದೇ ಆದರೆ ಅದಕ್ಕೆ ಬೇಜಾರಾಗುತ್ತದೆ ಎಂದು ಹೇಳಿದ್ದರಂತೆ. ಹೇಳಿದವರ ಮನಸ್ಸಿನಲ್ಲಿ ಕೆಟ್ಟದ್ದಿತ್ತು ಎಂದು ನಾನು ಭಾವಿಸುವುದಿಲ್ಲ. ಮನುಷ್ಯನಿಗೆ ಆಗುವ ಬೇಜಾರು ಎಲ್ಲ ಜೀವಕ್ಕೂ ಆಗುತ್ತದೆ ಎಂದು ನಾವೆಲ್ಲ ನಂಬಿದ್ದೇವೆ. ಆದರೆ ಆ ನಂಬಿಕೆ ಒಂದು ಜೀವ ತೆಗೆಯಿತು, ಇನ್ನೊಂದಕ್ಕೆ ಕೊಲೆಗಾರನೆಂಬ ಹೆಸರು ತಂದಿತು. ಅಂದಿನಿಂದ ಈ ವಿಷಯ ನನ್ನನ್ನು ಬಿಟ್ಟಿಲ್ಲ. ಒಂದೇ ಗೂಡಿನಲ್ಲಿ, ಒಂದೇ ತೊಟ್ಟಿಯಲ್ಲಿ ಸಾಕಿದ ಪ್ರಾಣಿಗಳು ಯಾಕೆ ಕಾದಾಡುತ್ತವೆ, ಅದನ್ನು ತಡೆಯುವುದು ಹೇಗೆ? ಇದರ ಬಗ್ಗೆ ಹೊರಗಿನ ದೇಶಗಳ ಸಾಕಣೆಗಾರರು ಕಂಡುಕೊಂಡದ್ದು ಎಷ್ಟಿದೆಯೋ, ಕುಂದಾಪುರ, ಬೈಂದೂರು, ಬ್ರಹ್ಮಾವರದ ಮನೆಗಳ ಹಿತ್ತಿಲಿನಲ್ಲೂ ಮೀನು ಕೃಷಿಯ ಪಂಜರಗಳಲ್ಲೂ ಅಷ್ಟೇ ತಿಳಿವಳಿಕೆ ಇದೆ. ಎರಡನ್ನೂ ಒಟ್ಟಿಗೆ ಇಟ್ಟು ನೋಡುವುದು ಈ ಬರಹದ ಉದ್ದೇಶ.

ಮೊದಲು ಹ್ಯಾಮ್‌ಸ್ಟರಿನ ಮಾತು ಮುಗಿಸೋಣ. ಇಂದು ಜಗತ್ತಿನ ಮನೆಗಳಲ್ಲಿರುವ ಬಂಗಾರದ ಬಣ್ಣದ ಹ್ಯಾಮ್‌ಸ್ಟರ್‌ಗಳ ಮೂಲ ಸಿರಿಯಾ ದೇಶದ ಅಲೆಪ್ಪೊ ಸುತ್ತಲಿನ ಹೊಲಗಳು. 1930ರಲ್ಲಿ ಇಸ್ರೇಲ್ ಅಹರೋನಿ ಎಂಬ ಪ್ರಾಣಿಶಾಸ್ತ್ರಜ್ಞರು ಅಲ್ಲಿ ನೆಲ ಅಗೆಸಿ ಒಂದು ತಾಯಿಯನ್ನೂ ಅದರ ಮರಿಗಳನ್ನೂ ಹಿಡಿದರು. ಪೆಟ್ಟಿಗೆಗೆ ಹಾಕಿದ ಕೂಡಲೇ ಗಾಬರಿಗೊಂಡ ತಾಯಿ ತನ್ನದೇ ಒಂದು ಮರಿಯನ್ನು ಕಚ್ಚಿ ಕೊಂದಿತು. ಸಾಕಿದ ಹ್ಯಾಮ್‌ಸ್ಟರಿನ ಚರಿತ್ರೆಯ ಮೊದಲ ದಿನವೇ ಇಕ್ಕಟ್ಟು ಏನು ಮಾಡಿಸಬಲ್ಲದು ಎಂಬುದು ಕಂಡುಬಿಟ್ಟಿತ್ತು. ಕಾಡಿನಲ್ಲಿ ಈ ಪ್ರಾಣಿ ಒಂಟಿ. ಒಂದು ಬಿಲಕ್ಕೆ ಒಂದೇ ಹ್ಯಾಮ್‌ಸ್ಟರ್. ಗಂಡು ಹೆಣ್ಣು ಕೂಡುವ ಹೊತ್ತು ಬಿಟ್ಟರೆ ಇನ್ನೊಂದರ ಮುಖ ನೋಡುವುದಿಲ್ಲ. ಮರಿಗಳು ಐದಾರು ವಾರದವಾಗುವಷ್ಟರಲ್ಲಿ ಒಡಹುಟ್ಟಿದವೇ ಪರಸ್ಪರ ಶತ್ರುಗಳು. ಅಂಗಡಿಯಲ್ಲಿ ಹತ್ತು ಮರಿಗಳು ಒಂದರ ಮೇಲೊಂದು ಮಲಗಿರುವುದು ಕಾಣುತ್ತದೆಯಲ್ಲ, ಅದು ಅವುಗಳ ಎಳೆತನದ ಸಲಿಗೆ. ಮನೆಗೆ ತಂದು ತಿಂಗಳಾಗುವಷ್ಟರಲ್ಲಿ ಆ ಎಳೆತನ ಮುಗಿದಿರುತ್ತದೆ. ಈ ಪ್ರಾಣಿಗೆ ಗೆಳೆಯರಿಲ್ಲದಿರುವುದು ಕೊರತೆಯಲ್ಲ. ಪಾರಾಗಿ ಹೋಗಲು ಜಾಗವಿಲ್ಲದ ಗಾಜಿನ ಪೆಟ್ಟಿಗೆಯಲ್ಲಿ ಇನ್ನೊಂದನ್ನು ಎದುರಿಗೆ ಇಡುವುದೇ ಅದಕ್ಕೆ ಕೊಡುವ ಹಿಂಸೆ. ಹಾಗಾಗಿ ಈ ಜಾತಿಯ ಹ್ಯಾಮ್‌ಸ್ಟರಿನ ಮಟ್ಟಿಗೆ ಕಾದಾಟ ತಡೆಯುವ ಉಪಾಯ ಒಂದೇ, ಒಂದು ಗೂಡಿಗೆ ಒಂದು.

ಜರ್ಬಿಲ್ ಹಾಗಲ್ಲ. ಅದರ ವಿಷಯ ಹೆಚ್ಚು ಸೂಕ್ಷ್ಮ. ನಮ್ಮ ಕಡೆಯ ಅಂಗಡಿಗಳಲ್ಲಿ ಜರ್ಬಿಲ್ ಅಪರೂಪ. ಆದರೆ ಹೊರದೇಶದಲ್ಲಿರುವ ನಮ್ಮೂರಿನ ಕುಟುಂಬಗಳ ಮಕ್ಕಳಿಗೆ ಅದು ಚೆನ್ನಾಗಿ ಗೊತ್ತು. ಉದ್ದ ಬಾಲದ, ಬಾಲದ ತುದಿಗೆ ಕುಚ್ಚು ಇರುವ, ಹಿಂಗಾಲಿನ ಮೇಲೆ ನಿಂತು ನೋಡುವ ಮಂಗೋಲಿಯದ ಇಲಿ ಅದು. ಬಯಲುಸೀಮೆಯ ಹೊಲಗಳಲ್ಲಿ ನಮ್ಮದೇ ಜರ್ಬಿಲ್ ಜಾತಿಯ ಇಲಿ ಒಂದಿದೆ. ಅದು ಹೊಲದಲ್ಲಿರಬೇಕಾದದ್ದು, ಹಿಡಿದು ಸಾಕುವುದಕ್ಕಲ್ಲ. ಸಾಕುವ ಜರ್ಬಿಲ್‌ಗಳ ಪೂರ್ವಿಕರನ್ನು 1935ರಲ್ಲಿ ಅಮೂರ್ ನದಿಯ ಸೀಮೆಯಿಂದ ಹಿಡಿದು ಜಪಾನಿಗೆ ಒಯ್ದಿದ್ದರು. ಅಲ್ಲಿಂದ 1954ರಲ್ಲಿ ಕೆಲವು ಜೋಡಿಗಳು ಅಮೆರಿಕದ ಪ್ರಯೋಗಾಲಯ ಸೇರಿದವು. ಮನೆಗಳಿಗೆ ಬಂದದ್ದು ಆಮೇಲೆ.

ಜರ್ಬಿಲ್ ಕೂಡುಕುಟುಂಬದ ಪ್ರಾಣಿ. ಒಂಟಿಯಾಗಿ ಇಟ್ಟರೆ ಸೊರಗುತ್ತದೆ. ಹಾಗೆಂದು ಯಾವ ಜರ್ಬಿಲನ್ನೂ ಯಾವುದರ ಜೊತೆಗೂ ಬಿಡುವಂತಿಲ್ಲ. ಅದರ ಹೊಟ್ಟೆಯ ನಡುವೆ ಒಂದು ವಾಸನೆಯ ಗ್ರಂಥಿ ಇದೆ. ಅದನ್ನು ಕಲ್ಲಿಗೆ, ಮರಕ್ಕೆ, ಮರಿಗಳಿಗೆ ಉಜ್ಜಿ ತನ್ನ ಮನೆಯವರಿಗೆಲ್ಲ ಒಂದೇ ವಾಸನೆ ಹಚ್ಚಿಡುತ್ತದೆ. ಆ ವಾಸನೆ ಇದ್ದದ್ದು ಮನೆಯವರು, ಇಲ್ಲದ್ದು ಹೊರಗಿನವರು. ಹೊರಗಿನವರು ಬಿಲದೊಳಗೆ ಕಂಡರೆ ಸಾಯುವವರೆಗೂ ಕಾದಾಟ. ಇದು ಗೊತ್ತಿಲ್ಲದೆ ಆಗುವ ಅನಾಹುತಗಳು ಹಲವು. ಅಣ್ಣತಮ್ಮ ಜರ್ಬಿಲ್‌ಗಳಲ್ಲಿ ಒಂದಕ್ಕೆ ಹುಷಾರಿಲ್ಲವೆಂದು ಕೆಲವು ದಿನ ಬೇರೆ ಇಟ್ಟು ತಿರುಗಿ ಬಿಟ್ಟರೆ ಒಳಗಿದ್ದದ್ದು ಅದನ್ನು ಗುರುತಿಸುವುದಿಲ್ಲ. ಔಷಧದ ವಾಸನೆ ಹೊತ್ತು ಬಂದದ್ದು ಅದರ ಮೂಗಿಗೆ ಅಪರಿಚಿತ. ಭಾನುವಾರ ರಜೆಯೆಂದು ತೊಟ್ಟಿಯನ್ನು ಸೋಪು ಹಾಕಿ ತೊಳೆದು ಹಾಸನ್ನೆಲ್ಲ ಹೊಸದಾಗಿ ಹಾಕಿದರೂ ಅದೇ ಗತಿ. ನಮಗೆ ಶುಚಿ, ಅವುಗಳಿಗೆ ಮನೆಯ ಗುರುತೇ ಅಳಿಸಿಹೋದಂತೆ. ಹಳೆಯ ಹಾಸಿನಲ್ಲಿ ಒಂದು ಪಾಲನ್ನು ಉಳಿಸಿ ಹೊಸದರ ಜೊತೆ ಬೆರೆಸಬೇಕು ಎಂದು ಅನುಭವಿಗಳು ಹೇಳುವುದು ಇದಕ್ಕೇ.

ಅಪರಿಚಿತ ಜರ್ಬಿಲ್‌ಗಳನ್ನು ಸೇರಿಸಲು ಸಾಕಣೆಗಾರರು ಕಂಡುಕೊಂಡ ದಾರಿ ಹೀಗಿದೆ. ಗಾಜಿನ ತೊಟ್ಟಿಯ ನಡುವೆ ಸಣ್ಣ ಕಣ್ಣಿನ ತಂತಿಬಲೆಯ ಗೋಡೆ ನಿಲ್ಲಿಸಬೇಕು. ಮೇಲೆ, ಕೆಳಗೆ, ಬದಿಯಲ್ಲಿ ಮೂಗು ತೂರುವಷ್ಟೂ ಸಂದು ಇರಬಾರದು. ಒಂದೊಂದು ಬದಿಗೆ ಒಂದೊಂದನ್ನು ಬಿಟ್ಟು ದಿನಕ್ಕೆ ಎರಡು ಮೂರು ಸಲ ಜಾಗ ಅದಲುಬದಲು ಮಾಡಬೇಕು. ಇದು ಅದರ ಹಾಸಿನಲ್ಲಿ, ಅದು ಇದರ ಹಾಸಿನಲ್ಲಿ ಮಲಗುತ್ತಾ ವಾಸನೆ ಕಲೆಯುತ್ತದೆ. ವಾರವಾದರೂ ಬೇಕು, ಕೆಲವಕ್ಕೆ ಇನ್ನೂ ಹೆಚ್ಚು. ಬಲೆಯ ಎರಡು ಬದಿಯಲ್ಲೂ ಒಂದಕ್ಕೊಂದು ಒತ್ತಿ ಮಲಗತೊಡಗಿದರೆ, ಬಲೆ ಕಚ್ಚುವುದು ನಿಂತರೆ, ಮನೆಯಲ್ಲಿ ಇಡೀ ದಿನ ಕಾವಲಿರುವ ಯಾರಾದರೂ ಇದ್ದಾಗ ಗೋಡೆ ತೆಗೆಯಬಹುದು. ಮೊದಲ ದಿನಗಳಲ್ಲಿ ಜಾಗ ಸಣ್ಣದಿರಲಿ ಎನ್ನುತ್ತಾರೆ. ದೊಡ್ಡ ತೊಟ್ಟಿಯಲ್ಲಿ ಒಂದು ಈ ಮೂಲೆ, ಇನ್ನೊಂದು ಆ ಮೂಲೆ ಹಿಡಿದು ಎರಡು ಮನೆ ಮಾಡಿಕೊಳ್ಳುತ್ತವೆ. ಎರಡು ಮನೆಯಾದ ಮೇಲೆ ಗಡಿಯಾಯಿತು, ಗಡಿಯಾದ ಮೇಲೆ ಜಗಳ. ಅದೇ ಕಾರಣಕ್ಕೆ ಮಲಗುವ ಗೂಡು ಕೂಡ ಒಂದೇ ಇರಬೇಕು. ಒಗ್ಗಿದ ಜೋಡಿಗೆ ಆಮೇಲೆ 70–80 ಲೀಟರಿನ ತೊಟ್ಟಿ, ಗೇಣುದ್ದ ಆಳದ ಹಾಸು, ಕೊರೆಯಲು ರಟ್ಟು ಕೊಟ್ಟರೆ ಸುಖವಾಗಿರುತ್ತವೆ. ಎರಡೇ ಇರಲಿ. ಮೂರು, ನಾಲ್ಕು ಹೆಣ್ಣುಗಳ ಗುಂಪು ವರ್ಷಗಟ್ಟಲೆ ಚೆನ್ನಾಗಿದ್ದು ಒಂದು ದಿನ ಇದ್ದಕ್ಕಿದ್ದಂತೆ ಒಡೆಯುತ್ತದೆ. ಗುಂಪಿಗೆ ಒಬ್ಬಳೇ ಯಜಮಾನಿ ಎಂಬುದು ಅವುಗಳ ಕ್ರಮ. ಯಜಮಾನಿಗೆ ವಯಸ್ಸಾದಾಗ, ಕಿರಿಯದು ಬಲಿತಾಗ ಆ ಕ್ರಮ ಅಲ್ಲಾಡುತ್ತದೆ.

ಈ ತಂತಿಬಲೆಯ ವಿಚಾರ ಓದುವಾಗ ನನಗೆ ನೆನಪಾದದ್ದು ನಮ್ಮ ಮನೆಯ ಹೆಡಗೆ.

ಕುಂದಾಪುರದ ಹಿತ್ತಿಲಿನಲ್ಲಿ ನಾಟಿ ಕೋಳಿ ಸಾಕಿದವರಿಗೆಲ್ಲ ಇದು ಗೊತ್ತು. ಸಂತೆಯಿಂದ ಅಥವಾ ನೆಂಟರ ಮನೆಯಿಂದ ಹೊಸ ಹೇಂಟೆ ತಂದರೆ ಅಜ್ಜಿ ಅದನ್ನು ಅಂಗಳಕ್ಕೆ ಬಿಡುತ್ತಿರಲಿಲ್ಲ. ‘ಹೊಸ ಕೋಳಿ ಹಗ್ಲಿಗ್ ಬಿಡುಕಾಗ ಮಗಾ, ಕತ್ಲ್ ಆದ್ಮೇಲೆ ಗೂಡಿಗ್ ಬಿಡ್ಕ್’ ಎನ್ನುತ್ತಿದ್ದಳು. ಅದಕ್ಕೂ ಮೊದಲು ಎರಡು ಮೂರು ದಿನ ಅದನ್ನು ಅಂಗಳದ ತೆಂಗಿನ ಬುಡದಲ್ಲಿ ಹೆಡಗೆ ಕವುಚಿ ಒಳಗಿಡುತ್ತಿದ್ದಳು. ಹೆಡಗೆಯ ಕಣ್ಣುಗಳ ಸಂದಿನಿಂದ ಹೊಸದಕ್ಕೆ ಹೊರಗಿನವು ಕಾಣುತ್ತಿದ್ದವು, ಹೊರಗಿನವಕ್ಕೆ ಹೊಸದು. ಹುಂಜ ಬಂದು ಸುತ್ತು ಹಾಕಿ, ರೆಕ್ಕೆ ಇಳಿಬಿಟ್ಟು, ಹೆಡಗೆಗೆ ಎರಡು ಕುಟುಕು ಕುಟುಕಿ ಹೋಗುತ್ತಿತ್ತು. ಹೇಂಟೆಗಳು ಕತ್ತು ಉದ್ದ ಮಾಡಿ ನೋಡುತ್ತಿದ್ದವು. ಮೂರನೆಯ ದಿನಕ್ಕೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಆ ರಾತ್ರಿ ಅಜ್ಜಿ ದೀಪವಿಲ್ಲದೆ ಹೋಗಿ ಹೊಸದನ್ನು ಗೂಡಿನ ಕೋಲಿನ ಮೇಲೆ ಇತರ ಕೋಳಿಗಳ ನಡುವೆ ಕೂರಿಸಿ ಬರುತ್ತಿದ್ದಳು. ಕತ್ತಲಲ್ಲಿ ಕೋಳಿಗೆ ಕಣ್ಣು ಕಾಣದು. ಬೆಳಗಾದಾಗ ಎಲ್ಲವೂ ಒಟ್ಟಿಗೇ ಇಳಿದು ಬರುತ್ತಿದ್ದವು.

ಮಂಗೋಲಿಯದ ಇಲಿಗೆ ಹೊರದೇಶದವರು ಮಾಡಿದ ಬಲೆಯ ಗೋಡೆಯೂ ಅಜ್ಜಿಯ ಹೆಡಗೆಯೂ ಮಾಡುವ ಕೆಲಸ ಒಂದೇ. ಮುಟ್ಟಲು ಬಿಡದೆ ಪರಿಚಯ ಮಾಡಿಸುವುದು. ವ್ಯತ್ಯಾಸ ಇಷ್ಟು. ಜರ್ಬಿಲ್ ಗುರುತು ಹಿಡಿಯುವುದು ಮೂಗಿನಿಂದ, ಕೋಳಿ ಕಣ್ಣಿನಿಂದ. ಅದಕ್ಕೇ ಅಲ್ಲಿ ಹಾಸು ಬದಲಾಯಿಸಬೇಕು, ಇಲ್ಲಿ ಸಂದಿನಿಂದ ಕಂಡರೆ ಸಾಕು.

ಕೋಳಿಯ ಜಗಳಕ್ಕೆ ಶಾಸ್ತ್ರದಲ್ಲಿ ದೊಡ್ಡ ಜಾಗವೇ ಇದೆ. ನಾರ್ವೆಯ ಥೋರ್ಲೈಫ್ ಷೆಲ್ಡೆರುಪ್-ಎಬ್ಬೆ ಎಂಬವರು ಬಾಲ್ಯದಿಂದಲೇ ಕೋಳಿಗಳನ್ನು ಒಂದೊಂದಾಗಿ ಗುರುತಿಟ್ಟು ನೋಡುತ್ತಾ ಬಂದವರು. ಯಾವುದು ಯಾವುದನ್ನು ಕುಟುಕುತ್ತದೆ, ಯಾವುದು ಯಾರಿಗೆ ಜಾಗ ಬಿಡುತ್ತದೆ ಎಂದು ಬರೆದಿಟ್ಟು 1921ರಲ್ಲಿ ‘ಕುಟುಕಿನ ಕ್ರಮ’ವನ್ನು ವಿವರಿಸಿದರು. ಪ್ರತಿ ಗುಂಪಿನಲ್ಲೂ ಮೇಲಿನಿಂದ ಕೆಳಗಿನವರೆಗೆ ಒಂದು ಸಾಲು ಇರುತ್ತದೆ. ಸಾಲು ನಿಂತ ಮೇಲೆ ಜಗಳ ಇಲ್ಲ, ಒಂದು ನೋಟವೇ ಸಾಕು. ಹೊಸದು ಬಂದಾಗ, ಮೇಲಿನದು ಸತ್ತಾಗ, ಕಾಯಿಲೆ ಬಿದ್ದಾಗ ಸಾಲನ್ನು ಮತ್ತೆ ಕಟ್ಟಬೇಕಾಗುತ್ತದೆ. ನಾವು ನೋಡುವ ಕಾದಾಟವೆಲ್ಲ ಈ ಕಟ್ಟುವ ಕೆಲಸ. ಹಾಗಾಗಿ ಸಣ್ಣಪುಟ್ಟ ಕುಟುಕಾಟಕ್ಕೆ ಹೆದರಿ ಮತ್ತೆ ಮತ್ತೆ ಬೇರೆ ಮಾಡುವವರು ಆ ಸಾಲು ನಿಲ್ಲದಂತೆ ಮಾಡುತ್ತಾರೆ. ರಕ್ತ ಕಂಡರೆ ಮಾತ್ರ ತಡ ಮಾಡಬಾರದು. ಕೆಂಪು ಬಣ್ಣ ಕೋಳಿಯ ಕಣ್ಣಿಗೆ ಬಿದ್ದರೆ ಗುಂಪೆಲ್ಲ ಅದೇ ಜಾಗಕ್ಕೆ ಕುಟುಕುತ್ತದೆ, ಸಾಯಿಸಿಯೇ ಬಿಡುತ್ತದೆ.

ಬೇಸಿಗೆಯಲ್ಲಿ ಹಿತ್ತಿಲು, ತೋಟ, ಗದ್ದೆಯಂಚು ಎಲ್ಲ ತಿರುಗುವ ಕೋಳಿಗಳಲ್ಲಿ ಕಾದಾಟ ಕಡಿಮೆ. ಸೋತದ್ದು ಓಡಿಹೋಗಿ ಬಾಳೆಯ ಮರೆಯಲ್ಲಿ ನಿಂತರೆ ಮುಗಿಯಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಬೀಳುವ ಮಳೆಗೆ ಅವು ಗೂಡಿನಲ್ಲೋ ಕೊಟ್ಟಿಗೆಯಲ್ಲೋ ಉಳಿಯುತ್ತವೆ. ಆಗ ಗರಿ ಕೀಳುವುದು, ಹಿಂಭಾಗ ಕುಟುಕುವುದು ಶುರು. ಈ ನಾಲ್ಕು ತಿಂಗಳಿಗೆ ಅನುಭವಿಗಳು ಮಾಡುವುದು ದೊಡ್ಡ ಕೆಲಸವೇನಲ್ಲ. ತಿಂಡಿಯ ಪಾತ್ರೆ ಒಂದಲ್ಲ, ಎರಡು ಮೂರು, ದೂರದೂರಕ್ಕೆ. ಕೂರುವ ಕೋಲು ಎಲ್ಲವಕ್ಕೂ ಸಾಲುವಷ್ಟು. ಬಸಳೆಯ ಹಂಬನ್ನೋ ಹರಿವೆಯ ಕಟ್ಟನ್ನೋ ಹಗ್ಗಕ್ಕೆ ಕಟ್ಟಿ ಎತ್ತರದಲ್ಲಿ ತೂಗುಹಾಕಿದರೆ ಹಾರಿ ಹಾರಿ ಕುಟುಕುತ್ತಾ ಹೊತ್ತು ಕಳೆಯುತ್ತವೆ. ಆಹಾರದಲ್ಲಿ ಉಪ್ಪು, ಪ್ರೋಟೀನ್ ಕಡಿಮೆಯಾದರೂ ಗರಿ ಕೀಳುವ ಚಾಳಿ ಬರುತ್ತದೆ. ಗಿರಿರಾಜ, ಸ್ವರ್ಣಧಾರದಂಥ ಸುಧಾರಿತ ತಳಿಗಳನ್ನು ನಾಟಿ ಕೋಳಿಯ ಜೊತೆ ಒಂದೇ ಗೂಡಿನಲ್ಲಿ ಬಿಡುವವರು ಮೊದಲು ಮರಿಗಳ ಗಾತ್ರ ಹೊಂದಿಸಿಕೊಳ್ಳಲಿ. ದೊಡ್ಡವು ಚಿಕ್ಕವನ್ನು ತಿಂಡಿಯ ಪಾತ್ರೆಗೆ ಬರಗೊಡುವುದಿಲ್ಲ. ದೊಡ್ಡ ಫಾರಂಗಳಲ್ಲಿ ಕೊಕ್ಕಿನ ತುದಿ ಕತ್ತರಿಸುವುದು ರೂಢಿ. ಮನೆಯ ಹತ್ತು ಕೋಳಿಗೆ ಅದು ಬೇಡ. ಜಾಗ ಕೊಡಲಾಗದವರು ಕೋಳಿಯ ಕೊಕ್ಕು ಕಡಿಯುವುದು ಸರಿಯಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ನೀರಿನೊಳಗಿನ ಜಗಳಕ್ಕೆ ಕಾರಣ ಬೇರೆ. ಗಂಗೊಳ್ಳಿಯ ಅಳಿವೆಯ ಕಡೆಯಿಂದ ಮಾರುಕಟ್ಟೆಗೆ ಬರುವ ಕೆಸರು ಏಡಿಗಳ ಎರಡು ದೊಡ್ಡ ಕೊಂಬುಗಳನ್ನು ಹಗ್ಗದಿಂದ ಬಿಗಿದಿರುವುದನ್ನು ನೋಡಿರಬಹುದು. ಅದು ಕೊಳ್ಳುವವರ ಬೆರಳು ಉಳಿಸಲು ಮಾತ್ರವಲ್ಲ. ಬುಟ್ಟಿಯೊಳಗೆ ಅವು ಒಂದರ ಕಾಲನ್ನು ಇನ್ನೊಂದು ಮುರಿಯದಿರಲಿ ಎಂದೂ ಹೌದು. ಏಡಿ ಬೆಳೆಯಬೇಕಾದರೆ ಚಿಪ್ಪು ಕಳಚಬೇಕು. ಕಳಚಿದ ಕೂಡಲೇ ಅದರ ಮೈ ಮೆತ್ತಗೆ. ಅದೇ ಹೊತ್ತಿಗೆ ಜೊತೆಯವು ಅದನ್ನು ತಿಂದುಬಿಡುತ್ತವೆ. ಏಡಿ ಸಾಕುವವರು ಕೊಳದಲ್ಲಿ ಅಡಗಲು ಪೈಪು, ಹೆಂಚಿನ ಚೂರು ಹಾಕುತ್ತಾರೆ, ಇಲ್ಲವೇ ಒಂದು ಪೆಟ್ಟಿಗೆಗೆ ಒಂದೇ ಏಡಿ ಇಡುತ್ತಾರೆ.

ಬೈಂದೂರಿನ ಉಪ್ಪುಂದದ ಕಡೆ ಹೊಳೆಯ ನೀರಿನಲ್ಲಿ ಪಂಜರ ಬಿಟ್ಟು ಮೀನು ಸಾಕುವುದನ್ನು ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಮೀನುಗಾರರಿಗೆ ಕಲಿಸಿಕೊಟ್ಟರು. ಅಲ್ಲಿ ಸಾಕುವ ಮುಖ್ಯ ಮೀನು ಸೀಬಾಸ್. ಈ ಮೀನಿನ ಮರಿ ತನ್ನ ಉದ್ದದ ಸುಮಾರು ಮೂರರಲ್ಲಿ ಎರಡು ಪಾಲಿನಷ್ಟಿರುವ ತಮ್ಮನನ್ನು ನುಂಗಬಲ್ಲದು. ಒಂದೇ ದಿನ ಒಂದೇ ಗಾತ್ರದ ಮರಿಗಳನ್ನು ಬಿಟ್ಟರೂ ಎರಡು ವಾರದಲ್ಲಿ ಕೆಲವು ಮುಂದೆ ಹೋಗಿರುತ್ತವೆ, ಕೆಲವು ಹಿಂದೆ ಉಳಿದಿರುತ್ತವೆ. ಹಿಂದೆ ಉಳಿದದ್ದು ಮುಂದಿನದರ ಊಟ. ಹಾಗಾಗಿ ಮರಿಗಳು ಎಳೆಯವಾಗಿರುವಾಗ ವಾರಕ್ಕೊಮ್ಮೆಯಾದರೂ ಬಲೆ ಎತ್ತಿ, ದೊಡ್ಡವು, ನಡುವಿನವು, ಚಿಕ್ಕವು ಎಂದು ವಿಂಗಡಿಸಿ ಬೇರೆ ಬೇರೆ ಪಂಜರಕ್ಕೆ ಬಿಡುತ್ತಾರೆ. ಹೊತ್ತಿಗೆ ಸರಿಯಾಗಿ ಹೊಟ್ಟೆ ತುಂಬಾ ತಿಂಡಿ ಹಾಕುತ್ತಾರೆ. ಸೊಂಟದ ಮಟ್ಟದ ನೀರಿನಲ್ಲಿ ನಿಂತು ಮಾಡುವ ಈ ವಿಂಗಡಣೆಯ ಶ್ರಮದಲ್ಲಿ ಅರ್ಧ ಬೆಳೆ ನಿಂತಿದೆ. ಮನೆಯ ಅಕ್ವೇರಿಯಂ ಇಟ್ಟವರು ಇವರಿಂದ ಕಲಿಯಬೇಕಾದದ್ದು ಬಹಳ. ಕೈಬೆರಳಿನಷ್ಟು ಏಂಜಲ್ ಮೀನಿನ ಜೊತೆ ಎಳ್ಳಿನ ಕಾಯಿಯಷ್ಟು ಟೆಟ್ರಾ ಬಿಟ್ಟು, ಆರು ತಿಂಗಳ ಮೇಲೆ ಟೆಟ್ರಾ ಎಲ್ಲಿ ಹೋಯಿತು ಎಂದು ಹುಡುಕುವವರನ್ನು ನಾನು ಕಂಡಿದ್ದೇನೆ. ಇನ್ನು ಫೈಟರ್ ಮೀನು. ಥಾಯ್ಲೆಂಡಿನಲ್ಲಿ ಕಾದಾಟಕ್ಕೆಂದೇ ತಲೆಮಾರುಗಟ್ಟಲೆ ಆರಿಸಿ ಬೆಳೆಸಿದ ಮೀನು ಅದು. ಎರಡು ಗಂಡುಗಳನ್ನು ಒಂದೇ ತೊಟ್ಟಿಗೆ ಬಿಡುವ ಮಾತೇ ಇಲ್ಲ. ಅಂಗಡಿಯಲ್ಲಿ ಸಣ್ಣ ಬಾಟಲಿಗಳನ್ನು ಒಂದರ ಪಕ್ಕ ಒಂದು ಇಟ್ಟು, ಇಡೀ ದಿನ ಅವು ಕಿವಿರು ಉಬ್ಬಿಸುತ್ತಾ ಇರುವಂತೆ ಮಾಡುವುದೂ ಹಿಂಸೆಯೇ. ನಡುವೆ ಒಂದು ರಟ್ಟಿನ ತುಂಡು ಇಟ್ಟರೆ ಆ ಹಿಂಸೆ ನಿಲ್ಲುತ್ತದೆ.

ಮೊಲ, ಗಿನಿಪಿಗ್‌ಗಳ ವಿಷಯ ಚಿಕ್ಕದಾಗಿ ಹೇಳಬಹುದು. ಬಲಿತ ಗಂಡು ಮೊಲಗಳೆರಡು ಒಂದೇ ಗೂಡಿನಲ್ಲಿ ಇದ್ದರೆ ವೃಷಣಕ್ಕೇ ಕಚ್ಚುತ್ತವೆ. ಪಶುವೈದ್ಯರಿಂದ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ, ಕೆಲವು ವಾರ ಕಾದು, ಎರಡಕ್ಕೂ ಹೊಸದಾದ ಜಾಗದಲ್ಲಿ ಸೇರಿಸಬೇಕು. ಗಂಡು ಗಿನಿಪಿಗ್ ಎರಡು ಒಟ್ಟಿಗೆ ಇರಬಲ್ಲವು, ನಡುವೆ ಹೆಣ್ಣು ಬಾರದಿದ್ದರೆ. ಅಡಗುವ ಪೆಟ್ಟಿಗೆಗೆ ಎರಡು ಬಾಗಿಲು ಇರಲಿ. ಒಂದೇ ಬಾಗಿಲಾದರೆ ಬಲಿಷ್ಠವಾದದ್ದು ಬಾಗಿಲಲ್ಲಿ ಕೂರುತ್ತದೆ, ಒಳಗಿನದಕ್ಕೆ ದಾರಿ ಇಲ್ಲ.

ಇಷ್ಟೆಲ್ಲ ತಡೆಯುವ ಮಾತಾಡುವಾಗ ಕಾದಾಡಿಸುವ ಮಾತನ್ನು ಬಿಟ್ಟುಬಿಡುವುದು ಪ್ರಾಮಾಣಿಕವಲ್ಲ. ಕೋಳಿ ಅಂಕ ನಮ್ಮ ಸೀಮೆಯಲ್ಲಿ ಇಂದಿಗೂ ನಡೆಯುತ್ತದೆ. ಹುಂಜದ ಕಾಲಿಗೆ ಚೂರಿ ಕಟ್ಟಿ ಬಿಡುವುದಕ್ಕೆ ಅದರ ಸ್ವಭಾವವನ್ನು ನೆಪ ಮಾಡುತ್ತಾರೆ. ಹುಂಜ ಕಾದಾಡುವುದು ನಿಜ, ಆದರೆ ಅದು ಸಾಲು ಕಟ್ಟಿಕೊಳ್ಳಲು. ಸೋತದ್ದು ಓಡುತ್ತದೆ, ಗೆದ್ದದ್ದು ಕೂಗುತ್ತದೆ, ಅಲ್ಲಿಗೆ ಮುಗಿಯಿತು. ಚೂರಿ ಹುಂಜದ ಸ್ವಭಾವದಲ್ಲಿಲ್ಲ. ಓಡಲು ಬಿಡದೆ ಎತ್ತಿ ಮತ್ತೆ ಎದುರಿಗೆ ಬಿಡುವ ಕೈಯೂ ಅದರದ್ದಲ್ಲ. ಪ್ರಾಣಿಗಳನ್ನು ಕಾದಾಟಕ್ಕೆ ಹಚ್ಚುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಂತೆ ಅಪರಾಧ. ಮೊದಲ ಸಲದ ತಪ್ಪಿಗೆ ಆ ಕಾಯ್ದೆ ಇಟ್ಟ ದಂಡ 10ರಿಂದ 50 ರೂಪಾಯಿ. ಅಷ್ಟು ಸಣ್ಣ ದಂಡ ಯಾರನ್ನು ತಡೆದೀತು? ಅದು ಹೆಚ್ಚಬೇಕು. ಸಾಕುಪ್ರಾಣಿ ಅಂಗಡಿಗಳಿಗೆ 2018ರಲ್ಲಿ ಪ್ರತ್ಯೇಕ ನಿಯಮ ಬಂದಿದೆ, ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಕಡ್ಡಾಯ. ಪೇಟೆಯಲ್ಲಿ ಪ್ರಾಣಿ ಕೊಳ್ಳುವವರು ಆ ನೋಂದಣಿ ಪತ್ರ ಕೇಳಿ ನೋಡುವುದು ಒಳ್ಳೆಯದು.

ಕಾದಾಟ ಶುರುವಾಗಿಯೇ ಬಿಟ್ಟರೆ? ಆಟಕ್ಕೂ ಜಗಳಕ್ಕೂ ವ್ಯತ್ಯಾಸ ಗೊತ್ತಿರಬೇಕು. ಜರ್ಬಿಲ್‌ಗಳು ಎದ್ದುನಿಂತು ಮುಂಗಾಲಿನಿಂದ ತಳ್ಳಾಡುವುದು, ಒಂದರ ಮೇಲೊಂದು ಹಾರುವುದು ಆಟ. ಒಂದು ಇನ್ನೊಂದನ್ನು ಬಿಡದೆ ಅಟ್ಟುವುದು, ಗೂಡಿನಿಂದ ಹೊರಗೆ ಹಾಕುವುದು, ಸೋತದ್ದು ತೊಟ್ಟಿಯ ಮೇಲಿನ ಮೂಲೆಯಲ್ಲೇ ಕೂತಿರುವುದು ಎಚ್ಚರಿಕೆಯ ಗುರುತು. ಎರಡೂ ಉಂಡೆಯಾಗಿ ಉರುಳಿದರೆ ಅದು ಕೊಲ್ಲುವ ಕಾದಾಟ. ಬರಿಗೈ ಹಾಕಬೇಡಿ, ಹಲ್ಲು ಮೂಳೆಗೆ ಇಳಿಯುತ್ತದೆ. ದಪ್ಪ ಟವೆಲನ್ನೋ ಕಸದ ಮೊರವನ್ನೋ ನಡುವೆ ತೂರಿಸಿ ಬೇರೆ ಮಾಡಿ. ಗಾಯವನ್ನು ಉಪ್ಪುನೀರಿನಿಂದ ತೊಳೆದು ವೈದ್ಯರಿಗೆ ತೋರಿಸಿ, ಹೊರಗೆ ಮುಚ್ಚಿದಂತೆ ಕಂಡರೂ ಒಳಗೆ ಕೀವು ತುಂಬುತ್ತದೆ. ಉಂಡೆಯಾಗಿ ಕಾದಾಡಿದ ಜೋಡಿಯನ್ನು ನಾಳೆ ಸರಿಯಾದೀತು ಎಂದು ತಿರುಗಿ ಒಟ್ಟಿಗೆ ಬಿಡಬೇಡಿ.

ಕರಾವಳಿಯವರಿಗೆ ಇನ್ನೊಂದು ಮಾತು ಹೇಳಬೇಕು. ಜರ್ಬಿಲ್ ಒಣಹವೆಯ ಪ್ರಾಣಿ. ನಮ್ಮ ಮಳೆಗಾಲದಲ್ಲಿ ಹಪ್ಪಳ ಮೆತ್ತಗಾಗುವ ಹವೆಯಲ್ಲಿ ಅದರ ಕೂದಲು ಜಿಡ್ಡಾಗಿ ಅಂಟುತ್ತದೆ, ಹಾಸು ಬೂಷ್ಟು ಹಿಡಿಯುತ್ತದೆ. ಬೂಷ್ಟೆಂದು ಹಾಸು ಪೂರ್ತಿ ತೆಗೆದರೆ ವಾಸನೆಯ ಗುರುತು ಅಳಿಯುತ್ತದೆ. ಒಂದು ಕಷ್ಟ ಇನ್ನೊಂದನ್ನು ಕರೆತರುತ್ತದೆ. ಹಾಗಾಗಿ ಕುಂದಾಪುರದ ಮನೆಗೆ ಜರ್ಬಿಲ್ ತರಬೇಡಿ ಎಂದೇ ನಾನು ಹೇಳುತ್ತೇನೆ. ಮಕ್ಕಳಿಗೆ ಪ್ರಾಣಿ ಬೇಕೆಂದರೆ ಹೆಡಗೆಯ ಕೆಳಗೆ ಹತ್ತು ಮರಿ ಕಾಯುವ ಒಂದು ಹೇಂಟೆ ಕೊಡಿಸಿ.

ತಂಗಿಯ ಮನೆಯ ಉಳಿದ ಹ್ಯಾಮ್‌ಸ್ಟರ್ ಇನ್ನೂ ಇದೆ. ಮಗುವಿಗೆ ಅಲೆಪ್ಪೊದ ಹೊಲದ ಕಥೆ ಹೇಳಿದೆ. ಒಂದು ಬಿಲಕ್ಕೆ ಒಂದೇ ಎಂದು ತಿಳಿದ ಮೇಲೆ ಅದನ್ನು ಕೊಲೆಗಾರ ಎನ್ನುವುದನ್ನು ಬಿಟ್ಟಿತು. ಈಗ ರಾತ್ರಿ ಊಟವಾದ ಮೇಲೆ ಅದಕ್ಕೆ ಸೌತೆಕಾಯಿಯ ಚೂರು ಹಾಕುವುದು ಮಗುವೇ. ಅಂಗಡಿಯವರಲ್ಲಿ ನನ್ನ ಬೇಡಿಕೆ ಒಂದೇ. ಹ್ಯಾಮ್‌ಸ್ಟರ್ ಮಾರುವ ಪಂಜರದ ಮೇಲೆ ‘ಇದನ್ನು ಒಂಟಿಯಾಗಿಯೇ ಸಾಕಿ’ ಎಂದು ಕನ್ನಡದಲ್ಲಿ, ಮಕ್ಕಳು ಓದುವಷ್ಟು ದೊಡ್ಡ ಅಕ್ಷರದಲ್ಲಿ ಬರೆದಿಡಿ.